ನೌಕರಿಯ ಗಾಳಿ ಎತ್ತ ಬೀಸುತ್ತಿದೆ?

ಹೋದ ತಿಂಗಳ ಒಂದು ಸಂಜೆ ಮಲ್ಕಾಜ್‌ಗಿರಿಯ ಆನಂದಬಾಗಿನಲ್ಲಿರುವ ನಮ್ಮ ಮನೆಯ ವರಾಂಡದಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆವು. ಇಂಟರ್‌ಮೀಡಿಯಟ್ ಎರಡನೆಯ ವರ್ಷದಲ್ಲಿರುವ ಮೊಮ್ಮಗಳು ಬಂದು ಎದುರಿಗೆ ಕುಳಿತಳು. "ತಾತಾ, ಮುಂದ ಏನ್ ಓದಿದ್ರ ಕೆಲಸ ಸಿಗ್ತದ?" ಎಂದಳು. ಎಪ್ಪತ್ತೈದು ವರ್ಷ ಕಂಡ ತಲೆ. ಇಂಥ ಪ್ರಶ್ನೆಗೆ ಉತ್ತರ ನಾಲಗೆಯ ತುದಿಯಲ್ಲಿರಬೇಕು. ನಾವು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವಳಪ್ಪ, ಎಂದರೆ ನಮ್ಮ ಮಗ, "ತಾತನ್ನ ಕೇಳಬ್ಯಾಡವಾ. ನಾನೂ ಅವರನ್ನ ಕೇಳೇ ಒಂದ್ಸಲ ಕೆಟ್ಟೀನಿ" ಎಂದು ನಕ್ಕ. ಆ ನಗೆಯಲ್ಲಿ ಕಹಿ ಇರಲಿಲ್ಲ. ಆದರೆ ಮಾತು ಸುಳ್ಳೂ ಆಗಿರಲಿಲ್ಲ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ತಂದೆಯ ಕಾಲದಿಂದ ಮೊಮ್ಮಗಳ ಕಾಲದವರೆಗೆ ನಾಲ್ಕು ತಲೆಮಾರಿನಲ್ಲಿ ನೌಕರಿಯ ಗಾಳಿ ಎಷ್ಟು ಸಲ ದಿಕ್ಕು ಬದಲಿಸಿತು, ಯಾರು ಅದನ್ನು ಮುಂಚಿತವಾಗಿ ಕಂಡರು, ಯಾರು ಕಾಣಲಿಲ್ಲ ಎಂದು ಲೆಕ್ಕ ಹಾಕುತ್ತ ಮಲಗಿದೆವು. ಆ ಲೆಕ್ಕವನ್ನೇ ಈ ಸಂಚಿಕೆಯಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಊರು ಬಿಟ್ಟು ಬಂದ ನಮ್ಮಂಥ ಸಂಸಾರಗಳಿಗೆ ಈ ವಿಚಾರ ಬಲು ಹತ್ತಿರದ್ದು. ಊರಿನಲ್ಲಿದ್ದವನಿಗೆ ನೌಕರಿ ಹೋದರೆ ಎರಡೆಕರೆ ಹೊಲವೋ ಅಣ್ಣತಮ್ಮಂದಿರ ಮನೆಯೋ ಆಸರೆಯಾದೀತು. ಪರಸ್ಥಳದಲ್ಲಿ ನಮಗೆ ನೌಕರಿಯೇ ಹೊಲ, ನೌಕರಿಯೇ ಮನೆ.

ಒಂದೇ ಚಾಕರಿಯಲ್ಲಿ ಮೂರು ಭಾಷೆ

ನಮ್ಮ ತಂದೆ ರಾಯಚೂರಿನಲ್ಲಿ ನಿಜಾಮ ಸರಕಾರದ ಕಂದಾಯ ಇಲಾಖೆಯ ಗುಮಾಸ್ತರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಆ ಕಾಲದಲ್ಲಿ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ತಂದೆತಾಯಿಗಳಿಗೆ ಮಕ್ಕಳ ಭವಿಷ್ಯದ ಬಗ್ಗೆ ಸಂದೇಹವೇ ಇರಲಿಲ್ಲ. ಉರ್ದು ಬಂದರೆ ಸರಕಾರಿ ಚಾಕರಿ, ಚಾಕರಿ ಬಂದರೆ ಪಿಂಚಣಿ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಉರ್ದುವೇ ಬೋಧನಭಾಷೆ. ಇಂಗ್ಲಿಷು ಕಡ್ಡಾಯದ ಒಂದು ವಿಷಯ ಮಾತ್ರ. ಈ ವ್ಯವಸ್ಥೆ ಅಲುಗಾಡೀತೆಂದು ಯಾರಿಗೂ ಅನಿಸಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ರಾಜ್ಯ ಭಾರತದಲ್ಲಿ ಸೇರಿತು. ತಂದೆಗೆ ಆಗ 34 ವರ್ಷ. ಕಚೇರಿಯ ಕುರ್ಚಿ, ಮೇಜು, ಕಡತ ಎಲ್ಲ ಹಾಗೆಯೇ ಇದ್ದವು. ಮೊದಲು ಬದಲಾದದ್ದು ಮೇಲಿನಿಂದ ಬರುವ ಕಾಗದ. ಒಂದೊಂದಾಗಿ ಸುತ್ತೋಲೆಗಳು ಇಂಗ್ಲಿಷಿನಲ್ಲಿ ಬರತೊಡಗಿದವು. ತಂದೆ ಮುಂದೆ ನಮಗೆ ಹೇಳುತ್ತಿದ್ದ ಮಾತು ಇದು: "ಮ್ಯಾಲಿಂದ ಬರೋ ಕಾಗದ ಯಾವ ಭಾಷಾದಾಗ ಇರ್ತದೋ, ನಾಳೆ ಅನ್ನ ಆ ಭಾಷಾದಾಗ ಇರ್ತದ."

ಅವರು ದೊಡ್ಡ ವಿದ್ವಾಂಸರೇನೂ ಅಲ್ಲ. ಆದರೆ ಈ ಒಂದು ಸೂಚನೆಯನ್ನು ಸರಿಯಾಗಿ ಓದಿದರು. ಬಲದಿಂದ ಎಡಕ್ಕೆ ಬರೆದು ಪಳಗಿದ ಕೈ ಎಡದಿಂದ ಬಲಕ್ಕೆ ಬರೆಯಲು ಕಲಿಯಿತು. ಕಂದೀಲಿನ ಬೆಳಕಿನಲ್ಲಿ, ರಟ್ಟಿನ ಮೇಲೆ ಟೈಪ್‌ರೈಟರಿನ ಕೀಲಿಗಳ ಚಿತ್ರ ಬರೆದುಕೊಂಡು, ಅದರ ಮೇಲೆ ಬೆರಳಾಡಿಸುತ್ತಿದ್ದರಂತೆ. ಅವರ ಪಕ್ಕದ ಮೇಜಿನ ಮಿತ್ರರೊಬ್ಬರು ಉರ್ದುವಿನಲ್ಲಿ ಇವರಿಗಿಂತ ಎಷ್ಟೋ ಪಾಲು ಮೇಲು. ಅವರ ಅಕ್ಷರ ಮುತ್ತು ಪೋಣಿಸಿದಂತೆ. "ನನ್ನ ವಿದ್ಯೆ ಬೇಡವೆನ್ನುವ ಸರಕಾರ ಇನ್ನೂ ಹುಟ್ಟಿಲ್ಲ" ಎಂದು ಅವರು ಸುಮ್ಮನಿದ್ದರು. ನಾಲ್ಕಾರು ವರ್ಷಗಳಲ್ಲಿ ಅವರ ಪಾಲಿಗೆ ಹಳೆಯ ದಫ್ತರ ಹುಡುಕಿಕೊಡುವ ಕೆಲಸವಷ್ಟೇ ಉಳಿಯಿತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಹೈದರಾಬಾದಿನ ಕಚೇರಿಗಳ ನೌಕರರು ಆಂಧ್ರ, ಮುಂಬಯಿ, ಮೈಸೂರು ಎಂದು ಹಂಚಿಹೋದರು. 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯನ್ನಾಗಿಸುವ ಕಾಯಿದೆ ಬಂದಾಗ ತಂದೆ ಮನೆಯ ಭಾಷೆಯಲ್ಲೇ ಟಿಪ್ಪಣಿ ಬರೆಯುವ ಅಭ್ಯಾಸ ಮಾಡಿಕೊಂಡರು. ಹೀಗೆ ಒಂದೇ ಚಾಕರಿಯಲ್ಲಿ ಉರ್ದು, ಇಂಗ್ಲಿಷು, ಕನ್ನಡ ಮೂರನ್ನೂ ಬಳಸಿ 1969ರಲ್ಲಿ ನಿವೃತ್ತರಾದರು. ಭಾಷೆ ಎರಡು ಸಲ ಬದಲಾಯಿತು. ಬದಲಾಗದೆ ಉಳಿದದ್ದು ಕಂದಾಯದ ಲೆಕ್ಕ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಮತ್ತೆ ಮತ್ತೆ ಬರಲಿದೆ.

ಕಾಲುವೆಗಿಂತ ಮೊದಲೇ ಬಂದವರು

ಮುಂದಾಗುವುದನ್ನು ತಿಳಿಯುವುದು ಜೋಯಿಸರ ಕೆಲಸವೆಂದು ಕೆಲವರು ತಿಳಿದಿದ್ದಾರೆ. ಹಾಗಲ್ಲವೆಂಬುದಕ್ಕೆ ನಮ್ಮ ರಾಯಚೂರು ಸೀಮೆಯಲ್ಲೇ ಒಂದು ದೊಡ್ಡ ನಿದರ್ಶನವಿದೆ.

1945ರಲ್ಲಿ ಕೆಲಸ ಆರಂಭವಾದ ತುಂಗಭದ್ರಾ ಅಣೆಕಟ್ಟು 1953ರ ಹೊತ್ತಿಗೆ ನೀರು ಕೊಡುವಂತಾಯಿತು. ಎಡದಂಡೆಯ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳ ಕಡೆಗೆ ಬಂತು. ಜೋಳ, ಹತ್ತಿ ಬೆಳೆದು ಆಕಾಶ ನೋಡುತ್ತಿದ್ದ ಒಣಭೂಮಿ ಅದು. ಕಾಲುವೆ ಬಂದರೆ ಏನಾಗುತ್ತದೆಂಬುದು ನಮ್ಮವರಲ್ಲಿ ಬಹಳ ಮಂದಿಗೆ ತಿಳಿಯಲಿಲ್ಲ. ಕರಾವಳಿ ಆಂಧ್ರದಿಂದ ಬಂದ ರೈತರಿಗೆ ತಿಳಿದಿತ್ತು. ಅವರು ಬಂದು ಭೂಮಿ ಕೊಂಡರು, ಮಟ್ಟ ಮಾಡಿದರು, ಭತ್ತ ನೆಟ್ಟರು. ಅವರ ಬಿಡಾರಗಳು 'ಕ್ಯಾಂಪು'ಗಳೆಂಬ ಹೆಸರಿನ ಊರುಗಳಾಗಿ ಇಂದಿಗೂ ಇವೆ. ನಮ್ಮವರಲ್ಲಿ ಎಷ್ಟೋ ಜನ ಅಗ್ಗಕ್ಕೆ ಹೊಲ ಮಾರಿ ಆಮೇಲೆ ಕೈ ಹಿಸುಕಿಕೊಂಡರು.

ಆಂಧ್ರದ ರೈತರಿಗೆ ದಿವ್ಯದೃಷ್ಟಿ ಇತ್ತೆ? ಇಲ್ಲ. ಗೋದಾವರಿಗೆ ಧವಳೇಶ್ವರದಲ್ಲಿ, ಕೃಷ್ಣೆಗೆ ವಿಜಯವಾಡದಲ್ಲಿ 1850ರ ದಶಕದಲ್ಲೇ ಆಣೆಕಟ್ಟುಗಳಾಗಿದ್ದವು. ಕಾಲುವೆಯ ನೀರು ಒಂದು ಸೀಮೆಯನ್ನು ಹೇಗೆ ಬದಲಿಸುತ್ತದೆಂಬುದನ್ನು ಅವರ ತಾತಂದಿರೇ ಕಂಡಿದ್ದರು. ನಮಗೆ ನಾಳೆಯಾಗಿದ್ದದ್ದು ಅವರಿಗೆ ನಿನ್ನೆಯಾಗಿತ್ತು. ತಾತ್ಪರ್ಯವಿಷ್ಟೆ: ನಿಮ್ಮ ಊರಿಗೆ ಏನು ಬರಲಿದೆಯೆಂದು ತಿಳಿಯಬೇಕಾದರೆ, ಅದು ಆಗಲೇ ಬಂದಿರುವ ಊರನ್ನು ನೋಡಿ ಬನ್ನಿ. ದೆಹಲಿಯಲ್ಲಿ 1986ರ ಹೊತ್ತಿಗೆ ರೈಲ್ವೆಯ ಮುಂಗಡ ಟಿಕೆಟುಗಳು ಕಂಪ್ಯೂಟರಿಗೆ ಬಂದವು. ದಪ್ಪ ದಪ್ಪ ರಿಜಿಸ್ಟರುಗಳಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಬೇರೆ ಊರುಗಳ ಗುಮಾಸ್ತರು ಅಂದೇ ಅದನ್ನು ತಮ್ಮ ಮನೆಯ ಸುದ್ದಿಯೆಂದು ಓದಿಕೊಳ್ಳಬಹುದಾಗಿತ್ತು. 1999ರ ವೇಳೆಗೆ ದೇಶದ ದೊಡ್ಡ ಕೇಂದ್ರಗಳೆಲ್ಲ ಒಂದೇ ಜಾಲದಲ್ಲಿದ್ದವು. 2002ರಲ್ಲಿ ಟಿಕೆಟು ಮನೆಯ ಕಂಪ್ಯೂಟರಿಗೇ ಬಂತು.

ನಮ್ಮ ಸರದಿ

ನಾವು 1972ರಲ್ಲಿ ರಾಯಚೂರಿನಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ತೆಗೆದುಕೊಂಡು ಸಿಕಂದರಾಬಾದಿಗೆ ಬಂದಿಳಿದೆವು. ಅದಕ್ಕೆ ಆರು ವರ್ಷ ಮೊದಲು, 1966ರ ಅಕ್ಟೋಬರ್ 2ರಂದು, ದಕ್ಷಿಣ ಮಧ್ಯ ರೈಲ್ವೆ ಹುಟ್ಟಿತ್ತು. ಹುಬ್ಬಳ್ಳಿ ವಿಭಾಗವೂ ಅದರಲ್ಲಿ ಸೇರಿತ್ತು; ಮುಖ್ಯ ಕಚೇರಿ ಸಿಕಂದರಾಬಾದು. ಹೀಗಾಗಿ ಧಾರವಾಡ ಸೀಮೆಯ ಮಾತು ಮಲ್ಕಾಜ್‌ಗಿರಿಯ ಗಲ್ಲಿಗಳಲ್ಲಿ ನಮ್ಮ ಕಿವಿಗೆ ಬೀಳುತ್ತಿತ್ತು. ಮಗ್ಗುಲಲ್ಲೇ ಲಾಲಾಗುಡದ ಕಾರ್ಯಾಗಾರ, ಇತ್ತ ಮೌಲಾಲಿ. ಆ ದಿನಗಳಲ್ಲಿ ಉಗಿಬಂಡಿಯ ಕೂಗು ಕೇಳಿ ಗಡಿಯಾರ ಸರಿಮಾಡುತ್ತಿದ್ದ ಮನೆಗಳಿದ್ದವು.

ರೈಲ್ವೆಯ ಬಾಯಿಲರಿಗೆ ಕಲ್ಲಿದ್ದಲು ತುಂಬುವ ಫೈರ್‌ಮನ್ ಕೆಲಸಕ್ಕೆ ಆಗ ಎಷ್ಟು ಬೇಡಿಕೆ! ಆದರೆ ವಾರಾಣಸಿಯ ಕಾರ್ಖಾನೆಯಿಂದ 1964ರಲ್ಲೇ ಡೀಸೆಲ್ ಎಂಜಿನು ಹೊರಬಂದಿತ್ತು. 1972ರಲ್ಲಿ ಚಿತ್ತರಂಜನದ ಕಾರ್ಖಾನೆ ಉಗಿ ಎಂಜಿನ್ ಮಾಡುವುದನ್ನೇ ನಿಲ್ಲಿಸಿತು. ಹೊಸ ಎಂಜಿನು ತಯಾರಾಗುವುದಿಲ್ಲ ಎಂದಮೇಲೆ ಅದಕ್ಕೆ ಇದ್ದಲು ಹಾಕುವ ಕೈಗಳು ಎಷ್ಟು ದಿನ ಬೇಕು? ಆದರೂ ಉಗಿಬಂಡಿಗಳು ಇನ್ನೂ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಓಡಿದವು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವಿದೆ. ಕಸುಬು ಒಂದೇ ದಿನದಲ್ಲಿ ಸಾಯುವುದಿಲ್ಲ. ಮೊದಲು ಹೊಸ ನೇಮಕ ನಿಲ್ಲುತ್ತದೆ, ಆಮೇಲೆ ನಿವೃತ್ತರಾದವರ ಜಾಗ ಖಾಲಿ ಉಳಿಯುತ್ತದೆ, ಕಟ್ಟಕಡೆಗೆ ಕೆಲಸದಲ್ಲಿದ್ದವರ ಮೇಲೆ ಬರುತ್ತದೆ. ಈ ನಡುವಿನ ಕಾಲವೇ ಜಾಣನಿಗೆ ಸಿಕ್ಕ ಸಮಯ. ನಮ್ಮ ಬೀದಿಯ ಫೈರ್‌ಮನ್ ಒಬ್ಬರು ಆ ಅವಧಿಯಲ್ಲಿ ತರಬೇತಿ ಪಡೆದು ಡೀಸೆಲಿಗೆ ಹೋದರು, ಅಲ್ಲಿಂದ ವಿದ್ಯುತ್ ಎಂಜಿನಿಗೆ ಹೋಗಿ ಡ್ರೈವರಾಗಿಯೇ ನಿವೃತ್ತರಾದರು.

ಇಷ್ಟೆಲ್ಲ ಕಂಡ ನಾವು ನಮ್ಮ ಕಾಲ ಬಂದಾಗ ಜಾಣರಾದೆವೆ? ಆಗಲಿಲ್ಲ, ಇದನ್ನು ಒಪ್ಪಿಕೊಳ್ಳಲು ಈ ವಯಸ್ಸಿನಲ್ಲಿ ನಾಚಿಕೆಯಿಲ್ಲ. ನಾವು 1973ರಲ್ಲಿ ಮೌಲಾಲಿಯ ಒಂದು ಖಾಸಗಿ ಕಾರ್ಖಾನೆಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದ್ದೆವು. 1989ರಲ್ಲಿ ಅಲ್ಲಿಗೆ ಕಂಪ್ಯೂಟರು ಬಂತು. ಕಲಿಯಲು ಇಷ್ಟವಿದ್ದವರು ಹೆಸರು ಕೊಡಿ ಎಂದರು. ನಮಗೆ 39 ವರ್ಷ. "ಹದಿನಾರು ವರ್ಷ ಲೆಡ್ಜರು ಬರೆದ ಕೈ ಇದು. ಹುಡುಗರು ಕಲಿಯಲಿ" ಎಂದು ದೊಡ್ಡಸ್ತಿಕೆ ತೋರಿಸಿದೆವು. ಮೊದಲ ತಂಡದಲ್ಲಿ ಹೋದ ಹುಡುಗ, ನಾವೇ ಜಮಾ ಖರ್ಚು ಕಲಿಸಿದವನು, ಎರಡು ವರ್ಷದಲ್ಲಿ ನಮ್ಮ ಮೇಲಿನ ಕುರ್ಚಿಗೆ ಬಂದ. ನಾವು ಮೂರನೆಯ ತಂಡದಲ್ಲಿ ತಲೆ ತಗ್ಗಿಸಿಕೊಂಡು ಹೋಗಿ ಕಲಿತೆವು. ಕಲಿತ ಮೇಲೆ ತಿಳಿದದ್ದೇನು? ಜಮಾ ಜಮೆಯಾಗಿಯೇ ಇತ್ತು, ಖರ್ಚು ಖರ್ಚಾಗಿಯೇ ಇತ್ತು. ಬದಲಾದದ್ದು ಪುಸ್ತಕ ಮಾತ್ರ. ತಂದೆಯ ಕಂದಾಯದ ಲೆಕ್ಕದಂತೆ, ನಮ್ಮ ವಿದ್ಯೆಯ ಬೇರು ಭದ್ರವಾಗಿಯೇ ಇತ್ತು. ಹೆದರಿದ್ದು ಎಲೆ ಉದುರಿದ್ದಕ್ಕೆ!

ಆ ತಡವಾದ ಕಲಿಕೆಯೂ ವ್ಯರ್ಥವಾಗಲಿಲ್ಲ. 2008ರಲ್ಲಿ ನಿವೃತ್ತರಾದ ಮೇಲೆ, ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವನ್ನೂ ಕಲಿತೆವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ಈ ಭಾಗದ ಅಂಗಡಿಕಾರರು ದಿಕ್ಕು ತೋಚದೆ ನಿಂತಿದ್ದರು. 67ನೆಯ ವಯಸ್ಸಿನಲ್ಲಿ ನಮಗೆ ಮೂರು ಅಂಗಡಿಗಳ ಲೆಕ್ಕ ಬರೆಯುವ ಕೆಲಸ ಮನೆಬಾಗಿಲಿಗೆ ಬಂತು.

ಗೋಡೆಯ ಮೇಲಿನ ಜಾಹೀರಾತು

ಈಗ ಮಗನ ವಿಷಯ. ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ.

1998ರ ನವೆಂಬರಿನಲ್ಲಿ ಮಾದಾಪುರದ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. 2000ನೆಯ ಇಸವಿ ಹುಟ್ಟಿದ ಗಳಿಗೆಯಲ್ಲಿ ಹಳೆಯ ಕಂಪ್ಯೂಟರುಗಳು ವರ್ಷವನ್ನು ತಪ್ಪಾಗಿ ಓದಿಯಾವೆಂಬ ಭಯದಿಂದ ಅಮೆರಿಕ, ಯೂರೋಪಿನ ಕಂಪನಿಗಳು ಭಾರತದ ಹುಡುಗರಿಗೆ ಕೈತುಂಬ ಕೆಲಸ ಕೊಟ್ಟಿದ್ದವು. ಅಮೀರ್‌ಪೇಟೆಯಲ್ಲಿ ಹೆಜ್ಜೆಗೊಂದು ತರಬೇತಿ ಕೇಂದ್ರ. ನಮ್ಮ ಮಗ ಬಿ.ಎಸ್ಸಿ. ಮುಗಿಸಿ "ಏನ್ ಮಾಡ್ಲಿ ಅಪ್ಪಾ?" ಎಂದ. ಆಗ ನಮ್ಮ ಕಣ್ಣಿಗೆ ಬಿದ್ದದ್ದು ಗೋಡೆ ಗೋಡೆಯ ಮೇಲೂ ಅಂಟಿಸಿದ್ದ ಒಂದು ಜಾಹೀರಾತು: ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್.

ಅದೊಂದು ವಿಚಿತ್ರ ಕಸುಬು. ಅಮೆರಿಕದ ವೈದ್ಯರು ರೋಗಿಯನ್ನು ನೋಡಿ ತಮ್ಮ ಟಿಪ್ಪಣಿಯನ್ನು ಬಾಯಲ್ಲಿ ಹೇಳಿ ಧ್ವನಿಮುದ್ರಿಸುತ್ತಿದ್ದರು. ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು. ಇಲ್ಲಿಯ ಹುಡುಗರು ಅದನ್ನು ಕೇಳಿ ಬೆರಳಚ್ಚು ಮಾಡಿ ಕಳಿಸಿದರೆ, ಅವರು ಮುಂಜಾನೆ ಆಸ್ಪತ್ರೆಗೆ ಬರುವಷ್ಟರಲ್ಲಿ ವರದಿ ಸಿದ್ಧ. ಕೇಳುವುದಕ್ಕೆ ಬಹಳ ಚೆನ್ನಾಗಿತ್ತು. ನಮ್ಮ ಮನೆಯಾಕೆಯ ಎರಡು ಬಳೆ ಅಡವಿಟ್ಟು ಒಂದು ಸಂಸ್ಥೆಗೆ ಶುಲ್ಕ ಕಟ್ಟಿದೆವು. ಎಂಟು ತಿಂಗಳು ತರಗತಿ ನಡೆಯಿತು. ಒಂಬತ್ತನೆಯ ತಿಂಗಳ ಒಂದು ಮುಂಜಾನೆ ಮಗ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ನಲವತ್ತು ಮಕ್ಕಳು ಮೆಟ್ಟಲ ಮೇಲೆ ಕುಳಿತಿದ್ದರಂತೆ.

ಬೀಗ ಹಾಕಿದವರ ತಪ್ಪು ಅವರದು. ನಮ್ಮ ತಪ್ಪು ಬೇರೆ. ಆ ಕಸುಬಿನಲ್ಲಿ ನಿಜವಾಗಿ ದುಡಿಯುತ್ತಿದ್ದ ಒಬ್ಬನನ್ನೂ ನಾವು ಕಂಡು ಮಾತನಾಡಿಸಲಿಲ್ಲ. ಕಲಿಸುವುದಾಗಿ ಹೇಳಿದವರ ಮಾತು ಮಾತ್ರ ಕೇಳಿದೆವು. ಕಸುಬಿನ ಜಾಹೀರಾತು ಗೋಡೆಗೆ ಬಂದ ದಿನ ಅದರಿಂದ ಮೊದಲು ಲಾಭವಾಗುವುದು ಗೋಡೆಗೆ ಅಂಟಿಸಿದವನಿಗೆ. ಈ ಸಾಮಾನ್ಯ ಸಂಗತಿ ನಮಗೆ ತಡವಾಗಿ ತಿಳಿಯಿತು. ಮಾತನ್ನು ತಾನೇ ಕೇಳಿ ಬರೆಯುವ ಯಂತ್ರ ಆಗಲೇ ಹುಟ್ಟುತ್ತಿತ್ತು. 2009ರಲ್ಲಿ ಅಮೆರಿಕ ಸರಕಾರ ಆಸ್ಪತ್ರೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ತರಲು ದೊಡ್ಡ ಕಾನೂನನ್ನೇ ಮಾಡಿತು. ಆ ಕಸುಬಿನ ಭರಾಟೆ ಇಳಿಯುತ್ತ ಹೋಯಿತು.

ಆದರೆ ಕಲಿತದ್ದು ಮಾತ್ರ ಕಳೆಯಲಿಲ್ಲ. ರೋಗಗಳ ಹೆಸರು, ಔಷಧಗಳ ಹೆಸರು, ಆಸ್ಪತ್ರೆಯ ಇಂಗ್ಲಿಷು ಹುಡುಗನ ತಲೆಯಲ್ಲಿ ಉಳಿದಿದ್ದವು. ಎರಡು ವರ್ಷ ಔಷಧದ ಅಂಗಡಿಯಲ್ಲಿ ದುಡಿದು, ಒಂದು ಆಸ್ಪತ್ರೆಯ ವಿಮಾ ವಿಭಾಗಕ್ಕೆ ಸೇರಿದ. ಬಳೆ ಬಿಡಿಸಿಕೊಂಡದ್ದು ಅವನ ಸಂಬಳದಲ್ಲಿಯೇ.

ಬೇರು ಯಾವುದು, ಎಲೆ ಯಾವುದು?

ನಮ್ಮ ಮನೆಯ ಸಂಗತಿ ಬಿಟ್ಟು ಈ ನಗರದ ಸಂಗತಿಯನ್ನೇ ನೋಡೋಣ. ಮಲ್ಕಾಜ್‌ಗಿರಿಯಿಂದ ಸ್ವಲ್ಪ ದೂರದಲ್ಲಿ 1967ರಲ್ಲಿ ಇ.ಸಿ.ಐ.ಎಲ್. ಸ್ಥಾಪನೆಯಾಯಿತು. ಒಂದು ಕಾಲಕ್ಕೆ ಅದು ತಯಾರಿಸಿದ ಇ.ಸಿ. ಟಿ.ವಿ. ಮನೆಮನೆಯಲ್ಲಿತ್ತು. ಇಂದು ಆ ಟಿ.ವಿ. ಯಾವ ಅಂಗಡಿಯಲ್ಲೂ ಇಲ್ಲ. ಆದರೆ ಚುನಾವಣೆಯಲ್ಲಿ ನಾವೆಲ್ಲ ಗುಂಡಿ ಒತ್ತುವ ಮತಯಂತ್ರವನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಇದೂ ಒಂದು. ಇನ್ನೊಂದು ನಮ್ಮ ಬೆಂಗಳೂರಿನ ಬಿ.ಇ.ಎಲ್. ಟಿ.ವಿ. ಎಲೆಯಂತೆ ಉದುರಿತು, ಎಲೆಕ್ಟ್ರಾನಿಕ್ಸ್ ವಿದ್ಯೆಯ ಬೇರು ಉಳಿಯಿತು.

ಬಾಲಾನಗರದ ಐ.ಡಿ.ಪಿ.ಎಲ್. ಇನ್ನೊಂದು ಪಾಠ. ಸೋವಿಯತ್ ನೆರವಿನಿಂದ 1961ರಲ್ಲಿ ರೂಪುಗೊಂಡ ಆ ಔಷಧ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದರೆ ಜನ್ಮ ಸಾರ್ಥಕವೆಂದು ಜನ ತಿಳಿದಿದ್ದರು. 1992ರ ಹೊತ್ತಿಗೆ ಅದು ರೋಗಗ್ರಸ್ತ ಉದ್ಯಮವೆಂದು ಘೋಷಿತವಾಯಿತು. ಆದರೆ ಅಲ್ಲಿ ಕೆಲಸ ಮಾಡಿ ಹೊರಬಂದ ಡಾ. ಅಂಜಿ ರೆಡ್ಡಿಯವರು 1984ರಲ್ಲಿ ತಮ್ಮದೇ ಕಂಪನಿ ಕಟ್ಟಿದ್ದರು. 1970ರ ಪೇಟೆಂಟ್ ಕಾಯಿದೆಯಿಂದಾಗಿ, ಔಷಧವನ್ನು ಬೇರೆ ವಿಧಾನದಿಂದ ತಯಾರಿಸಬಲ್ಲವರಿಗೆ ಈ ದೇಶದಲ್ಲಿ ದಾರಿ ತೆರೆದಿತ್ತು. ಕಾರ್ಖಾನೆ ಸೊರಗಿತು, ಅಲ್ಲಿ ಕಲಿತ ರಸಾಯನ ವಿದ್ಯೆ ಈ ನಗರದ ತುಂಬ ಮೊಳೆಯಿತು.

ನಮ್ಮ ಸಂಘದಲ್ಲಿ ಬ್ಯಾಂಕಿನ ನೌಕರರ ಮನೆಗಳು ಕಡಿಮೆಯಲ್ಲ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಹಾಗೂ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎರಡೂ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದವು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳ ಹೆಸರು ಅಳಿಸಿದವು. ಕಲ್ಲಿನಲ್ಲಿ ಕೆತ್ತಿದಂಥ ಹೆಸರುಗಳೇ ಹೋದವು. ಆದರೆ ಸಾಲಗಾರನ ಮುಖ ನೋಡಿ ಇವನು ತೀರಿಸುತ್ತಾನೋ ಇಲ್ಲವೋ ಎಂದು ಹೇಳಬಲ್ಲ ಮ್ಯಾನೇಜರಿಗೆ ಹೊಸ ಬ್ಯಾಂಕಿನಲ್ಲೂ ಗೌರವವಿತ್ತು. ಸಂಸ್ಥೆಯ ಹೆಸರನ್ನು ನೆಚ್ಚಿಕೊಂಡವನಿಗೆ ಭಯ. ಕೈಯಲ್ಲಿರುವ ವಿದ್ಯೆಯನ್ನು ನೆಚ್ಚಿಕೊಂಡವನಿಗೆ ಅಷ್ಟು ಭಯವಿಲ್ಲ.

ಈಗ ಬೀಸುತ್ತಿರುವ ಗಾಳಿ

2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಎಂಬ ಯಂತ್ರಬುದ್ಧಿ ಜನರ ಕೈಗೆ ಬಂತು. ಕಾಗದ ಬರೆಯುತ್ತದೆ, ಅನುವಾದಿಸುತ್ತದೆ, ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಡುತ್ತದೆ. ಹಿಂದಿನ ಯಂತ್ರಗಳು ಕೈಯ ಕೆಲಸ ಕಸಿದವು. ಇದು ಮೇಜಿನ ಕೆಲಸಕ್ಕೇ ಕೈ ಹಾಕಿದೆ. ನಮ್ಮ ಮಗನಿಗೆ ಈಗ 47. ವಿಮೆಯ ಕಾಗದಗಳನ್ನು ಓದಿ ಸರಿ ತಪ್ಪು ಗುರುತಿಸುವುದು ಅವನ ಕೆಲಸ. ಅವನ ವಿಭಾಗದಲ್ಲಿ ಈಚೆಗೆ ಇಬ್ಬರು ಬಿಟ್ಟುಹೋದರು, ಅವರ ಜಾಗಕ್ಕೆ ಯಾರೂ ಬಂದಿಲ್ಲ. ಫೈರ್‌ಮನ್‌ಗಳ ಕಥೆಯನ್ನು ಅವನೂ ಕೇಳಿ ಬೆಳೆದವನು. ಖಾಲಿ ಕುರ್ಚಿಯ ಅರ್ಥ ಅವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಸಾಲದ ಕಂತು ಇನ್ನೂ ಒಂಬತ್ತು ವರ್ಷ ಇದೆ. ಅಂದು ಅವನು ನಕ್ಕದ್ದು ನಮ್ಮನ್ನು ಕುರಿತು ಮಾತ್ರ ಅಲ್ಲವೆಂದು ನಮಗೆ ಆಮೇಲೆ ತಿಳಿಯಿತು.

ಅವನನ್ನು ಕೂರಿಸಿಕೊಂಡು ಕೇಳಿದೆವು: "ನಿನ್ನ ಕೆಲಸದಾಗ ಯಂತ್ರ ಮಾಡಾಕ ಬರೋದು ಯಾವುದು, ಬಾರದ್ದು ಯಾವುದು?" ಅವನು ಯೋಚಿಸಿ ಹೇಳಿದ: ಕಾಗದ ಓದುವುದು ಯಂತ್ರಕ್ಕೆ ಬರುತ್ತದೆ. ಆದರೆ ಐ.ಸಿ.ಯು. ಹೊರಗೆ ಅಳುತ್ತ ನಿಂತ ಹೆಂಗಸಿಗೆ ನಿಮ್ಮ ವಿಮೆಯಲ್ಲಿ ಇಷ್ಟು ಬರುತ್ತದೆ, ಇಷ್ಟು ಬರುವುದಿಲ್ಲ ಎಂದು ಅವಳ ಭಾಷೆಯಲ್ಲಿ ತಿಳಿಸಿ ಹೇಳುವುದು, ತಿರಸ್ಕರಿಸಿದ ಅರ್ಜಿಗಾಗಿ ಕಂಪನಿಯೊಡನೆ ವಾದಿಸುವುದು, ಯಂತ್ರ ತಪ್ಪು ಓದಿದ್ದನ್ನು ಹಿಡಿಯುವುದು, ಇವು ಮನುಷ್ಯನವು. ಕನ್ನಡ, ತೆಲುಗು, ಉರ್ದು, ಇಂಗ್ಲಿಷು ನಾಲ್ಕೂ ಬಲ್ಲ ಅವನಿಗೆ ಇದು ಬೇರು. "ಹಂಗಾದ್ರ ಆ ಕಡೆ ಸರಿ. ಯಂತ್ರಾನೂ ಕಲಿ" ಎಂದೆವು. ನಾವು 39ರಲ್ಲಿ ಆಡಿದ ದೊಡ್ಡಸ್ತಿಕೆಯ ಮಾತನ್ನು ಅವನು ಆಡಲಿಲ್ಲ. ಇಷ್ಟರಮಟ್ಟಿಗೆ ಮಗ ತಂದೆಗಿಂತ ಮೇಲು, ತಾತನ ಸಮ.

ಸಂಸಾರವಂದಿಗರಿಗೆ ನಾಲ್ಕು ಮಾತು

ನಾಲ್ಕು ತಲೆಮಾರಿನ ಈ ಲೆಕ್ಕದಿಂದ ನಮಗೆ ತೋರಿದ್ದನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಮೊದಲನೆಯದು, ಸೂಚನೆಗಳನ್ನು ದಿನಪತ್ರಿಕೆಯ ದೊಡ್ಡ ಅಕ್ಷರದಲ್ಲಿ ಹುಡುಕಬೇಡಿ; ನಿಮ್ಮ ಕಚೇರಿಯಲ್ಲೇ ಹುಡುಕಿ. ಬಿಟ್ಟುಹೋದವರ ಜಾಗ ತುಂಬುತ್ತಿದೆಯೇ? ಹೊಸದಾಗಿ ಯಾವ ಯಂತ್ರ ಕೊಂಡರು? ಹೊಸಬರಿಂದ ಕೇಳುವ ಯೋಗ್ಯತೆ ನಿಮ್ಮಲ್ಲಿದೆಯೇ? ಆರು ತಿಂಗಳಿಗೊಮ್ಮೆ ನಿಮ್ಮದೇ ಹುದ್ದೆಯ ಜಾಹೀರಾತು ಓದಿ, ಈಗ ಅರ್ಜಿ ಹಾಕಿದರೆ ನಿಮಗೇ ಆ ಕೆಲಸ ಸಿಕ್ಕೀತೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಎರಡನೆಯದು, ಮಕ್ಕಳಿಗೆ ಓದು ಆರಿಸುವಾಗ ಕಲಿಸುವವರನ್ನು ಕೇಳುವ ಮೊದಲು ದುಡಿಯುವವರನ್ನು ಕೇಳಿ. ಒಬ್ಬರನ್ನಲ್ಲ, ಮೂವರನ್ನು. ಕೆಲಸಕ್ಕೆ ಸೇರಿ ಎರಡು ವರ್ಷವಾದವರೊಬ್ಬರು, ಹತ್ತು ವರ್ಷವಾದವರೊಬ್ಬರು, ಬಿಟ್ಟುಬಂದವರೊಬ್ಬರು. ಮೂರನೆಯವರ ಮಾತಿನಲ್ಲಿ ಹೆಚ್ಚು ಸತ್ಯವಿರುತ್ತದೆ.

ಮೂರನೆಯದು, ಮೇಜಿನ ಕೆಲಸವೇ ಮೇಲೆಂಬ ಹಳೆಯ ಮೋಹ ಬಿಡಿ. ಲಿಫ್ಟು ಸರಿಮಾಡುವವನು, ಎ.ಸಿ. ಮೆಕ್ಯಾನಿಕ್ಕು, ಸೌರಫಲಕ ಕೂರಿಸುವವನು, ರೋಗಿಯನ್ನು ಎತ್ತಿ ಕೂರಿಸುವ ದಾದಿ, ಇವರ ಕೆಲಸವನ್ನು ಪರದೆಯ ಮೇಲೆ ಮಾಡಿ ಮುಗಿಸಲು ಬರುವುದಿಲ್ಲ. ಉಡುಪಿಯಿಂದ ಬಂದು ಈ ನಗರದಲ್ಲಿ ಹೋಟೆಲು ಕಟ್ಟಿದ ನಮ್ಮವರು ಇದನ್ನು ಎಂದೋ ತೋರಿಸಿಕೊಟ್ಟಿದ್ದಾರೆ.

ನಾಲ್ಕನೆಯದು, ಆರು ತಿಂಗಳ ಮನೆಖರ್ಚು ಬೇರೆಯಾಗಿ ಬ್ಯಾಂಕಿನಲ್ಲಿರಲಿ. ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟವೆಂದು ಬಲ್ಲೆವು. ಆದರೆ ಹೊಸದನ್ನು ಕಲಿಯಲು ಬೇಕಾದದ್ದು ಧೈರ್ಯ. ಅಕ್ಕಿಯ ಡಬ್ಬಿ ಖಾಲಿಯಿದ್ದವನಿಗೆ ಧೈರ್ಯ ಎಲ್ಲಿಂದ ಬರಬೇಕು? ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದರು. ತೂರಲು ಕಣದಲ್ಲಿ ರಾಶಿ ಇರಬೇಕಷ್ಟೆ.

ಇನ್ನು ಮೊಮ್ಮಗಳ ಪ್ರಶ್ನೆ. ಉತ್ತರವನ್ನು ನಾವು ಹೇಳಲಿಲ್ಲ. ನಾಲ್ಕು ತಲೆಮಾರಿನ ಈ ಕಥೆಯನ್ನೇ ಹೇಳಿದೆವು. ಅವಳು ಒಂದು ಹಾಳೆಯಲ್ಲಿ ಎರಡು ಓದುಗಳ ಹೆಸರು ಬರೆದುಕೊಂಡಿದ್ದಾಳೆ: ಒಂದು ನರ್ಸಿಂಗ್, ಇನ್ನೊಂದು ಆಸ್ಪತ್ರೆಯ ಯಂತ್ರಗಳ ಎಂಜಿನಿಯರಿಂಗು. ಒಂದೊಂದಕ್ಕೂ ಮೂವರನ್ನು ಕಂಡು ಮಾತನಾಡಬೇಕೆಂದು ಹೊರಟಿದ್ದಾಳೆ. ನಾಲ್ವರು ಸಿಕ್ಕಿದ್ದಾರೆ, ಇಬ್ಬರು ಬೇಕು. ಈ ಬರಹ ಓದುವ ಸಂಘದ ಸದಸ್ಯರಲ್ಲಿ ಈ ಕಸುಬುಗಳವರು ಯಾರಾದರೂ ಇದ್ದರೆ ದಯಮಾಡಿ ಮುಂದೆ ಬರಬೇಕು. ಅವಳಿಗಾಗಿ ಮಾತ್ರ ಕೇಳುತ್ತಿಲ್ಲ. ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯಲ್ಲಿ ದುಡಿಯುವವರೂ ಓದುವ ಮಕ್ಕಳೂ ಎದುರುಬದರು ಕುಳಿತು ಮಾತನಾಡಲಿ ಎಂಬುದು ನಮ್ಮ ಸಲಹೆ. ರಾಜ್ಯೋತ್ಸವ, ಯುಗಾದಿಗಳಿಗೆ ಸೇರುವ ನಾವು ಇದಕ್ಕೂ ಸೇರಬಹುದಲ್ಲವೆ? ಕಾಫಿಯ ಖರ್ಚು ಮೊದಲ ಆರು ತಿಂಗಳು ನಮ್ಮದು.

ಇದನ್ನು ಬರೆದು ಮುಗಿಸುವ ಹೊತ್ತಿಗೆ ರಾತ್ರಿ ಹತ್ತು ಗಂಟೆ. ಊಟದ ಮೇಜಿನ ಒಂದು ತುದಿಯಲ್ಲಿ ಮೊಮ್ಮಗಳು ಓದುತ್ತಿದ್ದಾಳೆ. ಇನ್ನೊಂದು ತುದಿಯಲ್ಲಿ ಅವಳಪ್ಪ ಚಾಳೀಸು ಏರಿಸಿಕೊಂಡು, ವಿಮೆಯ ಕಾಗದ ಓದುವ ಆ ಹೊಸ ಯಂತ್ರಬುದ್ಧಿಯ ಪಾಠವನ್ನು ಲ್ಯಾಪ್‌ಟಾಪಿನಲ್ಲಿ ಎರಡನೆಯ ಸಲ ನೋಡುತ್ತಿದ್ದಾನೆ. ಮಧ್ಯೆ ತಡೆದು ಮಗಳನ್ನೇ ಏನೋ ಕೇಳಿದ. ಅವಳು ಎದ್ದು ಹೋಗಿ ತೋರಿಸಿಕೊಟ್ಟಳು.